ನೀರಾಣೆ

ಮಗಳು ರೂಪಶ್ರೀ ಇನ್ನೂ ತೊಟ್ಟಿಲಲ್ಲಿದ್ದಾಗ, ಚುಂಚನಕಟ್ಟೆಯ ನಾಲೆಯಲ್ಲಿ ಸೊಂಟದುದ್ದ ನೀರಿಗಿಳಿದು, ಬೊಗಸೆಯಲ್ಲಿ ನೀರು ಹಿಡಿದು, ಸೋಮಯ್ಯ ತನ್ನ ಹೆಂಡತಿ ಮಾಯಮ್ಮನಿಗೆ ಮಾತು ಕೊಟ್ಟಿದ್ದ: ಇನ್ನು ಈ ಜನ್ಮದಲ್ಲಿ ಸಾರಾಯಿ ಮುಟ್ಟುವುದಿಲ್ಲ, ಮುಟ್ಟಿದರೆ ಈ ನೀರು ನನ್ನ ಹೊಟ್ಟೆಯಲ್ಲಿ ನಿಲ್ಲಲಿ. ಅವನ ಊರಿನಲ್ಲಿ ಅದಕ್ಕೆ ನೀರಾಣೆ ಎನ್ನುತ್ತಿದ್ದರು. ಗುಡಿಯ ಮುಂದೆ ಕರ್ಪೂರ ಹಚ್ಚಿ ಮಾಡಿದ ಆಣೆಯನ್ನು ತಪ್ಪುಕಾಣಿಕೆ ಒಪ್ಪಿಸಿ ಬಿಡಿಸಿಕೊಳ್ಳಬಹುದು. ನೀರಾಣೆಗೆ ಬಿಡುಗಡೆ ಇಲ್ಲ. ಇವತ್ತು ಯಾರ ಸರದಿ, ರಾತ್ರಿ ಬದು ಕಡಿದು ನೀರು ತಿರುಗಿಸಿಕೊಂಡವನು ಯಾರು ಎಂಬ ಜಗಳಗಳೆಲ್ಲ ಕೊನೆಗೆ ನಾಲೆಗಿಳಿದು ಬೊಗಸೆ ಹಿಡಿಯುವಲ್ಲಿಗೆ ಬಂದು ನಿಲ್ಲುತ್ತಿದ್ದವು. ಸೋಮಯ್ಯ ಊರಿನ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ಹಾಗಾಗಿ ಆಣೆಯ ಮಾತನ್ನು ಎದುರು ನಿಂತು ಹೇಳಿಕೊಡುವವನೂ ಅವನೇ. ಎಷ್ಟೋ ಜನರಿಗೆ ಹೇಳಿಕೊಟ್ಟ ಆ ಮಾತು ಅವನ ನಾಲಿಗೆಯಲ್ಲಿ ಸವೆದು ನುಣುಪಾಗಿತ್ತು. ಈಗ ನೀರು ಬಂದು ಅವನ ಹೊಟ್ಟೆಯಲ್ಲೇ ನಿಂತಿತ್ತು.

ಕೆ.ಆರ್. ನಗರದಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅವನು ತನ್ನ ಹೊಟ್ಟೆಯನ್ನು ಯಾರೋ ಸ್ವಲ್ಪ ಹಿಡಿದುಕೊಂಡಿರಿ ಎಂದು ಕೊಟ್ಟುಹೋದ ಗಂಟಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಬಸ್ಸು ಹಳ್ಳಕ್ಕಿಳಿದಾಗ ಅವನಿಗಿಂತ ಒಂದು ಕ್ಷಣ ತಡವಾಗಿ ಅದು ಅಲುಗುತ್ತಿತ್ತು. ಆ ತಡವನ್ನು ಪಕ್ಕದಲ್ಲಿ ಕೂತ ಮಾಯಮ್ಮ ಗಮನಿಸಬಾರದೆಂದು ಮೇಲೆ ಟವೆಲ್ಲು ಹೊದಿಸಿದ್ದ. ಕೈಗಳು ಒಣಗಿ ಕಡ್ಡಿಯಾಗಿದ್ದವು, ಪಕ್ಕೆ ಎದ್ದು ಕಾಣುತ್ತಿತ್ತು, ಸಂಜೆಯಾದರೆ ಸಣ್ಣಗೆ ಜ್ವರ. ಹೊಟ್ಟೆಯೊಂದೇ ಬೇರೆ ಯಾರದೋ ಅನ್ನ ತಿಂದು ಬೆಳೆದಂತಿತ್ತು. ಕಂಡಕ್ಟರು ಟಿಕೆಟ್ಟು ಹರಿಯುತ್ತ, ‘ಯಜಮಾನ್ರೇ, ಒಸಿ ಒಳೀಕೆ ಸರೀರಿ, ಮೂರು ಜನದ ಸೀಟು ಅದು’ ಎಂದ. ಸರಿಯಲು ಜಾಗವಿರಲಿಲ್ಲ. ಸೋಮಯ್ಯ ಸರಿದಂತೆ ಮಾಡಿ ಅಲ್ಲೇ ಕೂತ. ಕಂಡಕ್ಟರು ಟವೆಲ್ಲಿನ ಕೆಳಗಿನ ಗುಡ್ಡವನ್ನು ನೋಡಿ, ಆಮೇಲೆ ಮುಖ ನೋಡಿ, ಏನೋ ಅರ್ಥವಾದವನಂತೆ ಮುಂದೆ ಹೋದ. ಎಲ್ಲರಿಗೂ ಅರ್ಥವಾಗುತ್ತಿತ್ತು. ಅದೇ ಕಷ್ಟವಾಗಿತ್ತು. ಪಕ್ಕದ ಮನೆಯ ಗುರುಸ್ವಾಮಿ, ಒಟ್ಟಿಗೆ ದನ ಕಾಯ್ದವನು, ಟೀ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ, ‘ಏನ್ಲಾ ಸೋಮ, ಎಷ್ಟು ತಿಂಗ್ಳಾಯ್ತಲಾ? ಸೀಮಂತ ಯಾವತ್ತು ಮಡಗಿದ್ದೀಯೆ? ಒಬ್ಬಟ್ಟು ಆಕ್ಸೋದ ಮರೀಬ್ಯಾಡ ಕಣ್ಲಾ’ ಎಂದಾಗ ಅವನೂ ನಕ್ಕಿದ್ದ. ನಗದಿದ್ದರೆ ಒಪ್ಪಿಕೊಂಡಂತಾಗುತ್ತಿತ್ತು. ನಕ್ಕ ಮೇಲೂ ಒಪ್ಪಿಕೊಂಡಂತೆಯೇ ಆಯಿತು.

ಮಾಯಮ್ಮ ಮಾತ್ರ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಅವನು ಉತ್ತರ ಕೊಡಬಹುದಿತ್ತು. ನೀರಿನ ಚೊಂಬು ಕೊಡುವ ನೆಪದಲ್ಲಿ ಅವಳು ಅರ್ಧ ಗೇಣು ಹತ್ತಿರ ಬಂದು ಉಸಿರೆಳೆದುಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಕಣ್ಣು ಬಿಟ್ಟಾಗ ಅವಳು ಗೂಟದಿಂದ ಅವನ ಟವೆಲ್ಲು ತೆಗೆದು ಮೂಗಿಗೆ ಹಿಡಿದಿದ್ದಳು. ಅವನು ಮತ್ತೆ ಕಣ್ಣು ಮುಚ್ಚಿ ನಿದ್ದೆಯವನಂತೆ ಉಸಿರಾಡಿದ. ತಪ್ಪು ಮಾಡದವನು ಯಾಕೆ ನಿದ್ದೆಯ ನಟನೆ ಮಾಡಬೇಕು ಎಂದು ಅವನಿಗೇ ತಿಳಿಯಲಿಲ್ಲ. ಇನ್ನೊಂದು ದಿನ ಹುಲ್ಲಿನ ಮೆದೆಯ ಬುಡವನ್ನೂ ರಾಗಿ ತುಂಬಿಡುವ ವಾಡೆಯ ಹಿಂಭಾಗವನ್ನೂ ಯಾರೋ ಕೈಯಾಡಿಸಿ ನೋಡಿದ ಗುರುತು ಕಂಡಿತು. ಸಾರಾಯಿ ಪ್ಯಾಕೆಟ್ಟು ಸಿಗಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಗಿರಬೇಕು ಎಂದುಕೊಂಡ. ಆದರೆ ಅವಳ ಮುಖದಲ್ಲಿ ಇದ್ದದ್ದು ಸಮಾಧಾನವಲ್ಲ, ಇವನು ಬಚ್ಚಿಡುವುದರಲ್ಲಿ ಇಷ್ಟು ಜಾಣನಾದನೇ ಎಂಬ ಬೆರಗು. ಕೆ.ಆರ್. ನಗರದ ಡಾಕ್ಟರರ ಹತ್ತಿರ ಮೊದಲು ತೋರಿಸಲು ಹೋದಾಗ ಅವರು ಕುಡಿಯುತ್ತೀರಾ ಎಂದು ಕೇಳಲೇ ಇಲ್ಲ, ‘ಎಷ್ಟು ವರ್ಷದಿಂದ ಕುಡೀತಿದ್ದೀರಿ?’ ಎಂದೇ ಕೇಳಿದರು. ಬಿಟ್ಟು ಬಹಳ ಕಾಲವಾಯಿತು ಸ್ವಾಮಿ ಎಂದ. ‘ಎಲ್ರೂ ಅದನ್ನೇ ಹೇಳೋದು’ ಎಂದು ಅವರು ಬರೆಯುತ್ತಲೇ ನಕ್ಕರು. ಹೆಂಡತಿಯ ಮುಂದೆ. ಅವರು ಕೊಟ್ಟ ಮಾತ್ರೆಗೆ ಅವನು ಹಗಲೆಲ್ಲ ಬದುವಿನಿಂದ ಬದುವಿಗೆ ಮೂತ್ರಕ್ಕೆ ಓಡಿದ. ಹೊಟ್ಟೆ ಮಾತ್ರ ಹಾಗೇ ಕೂತಿತ್ತು. ಉಪ್ಪು ಬಿಡಿ ಎಂದಿದ್ದರು. ಮಾಯಮ್ಮ ಉಪ್ಪಿಲ್ಲದ ಸಾರು ಬಡಿಸುತ್ತ, ಅದು ಪಥ್ಯವೋ ಶಿಕ್ಷೆಯೋ ಗೊತ್ತಾಗದ ಮುಖ ಮಾಡಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು.

ಬಸ್ಸು ತಂಬಾಕಿನ ಹೊಲಗಳ ನಡುವೆ ಹೋಗುತ್ತಿತ್ತು. ಒಣಗಿಸುವ ಗೂಡುಗಳಲ್ಲಿ ಬೇಯುತ್ತಿದ್ದ ಎಲೆಯ ಸಿಹಿ ಕಮಟು ಕಿಟಕಿಯಿಂದ ನುಗ್ಗಿತು. ಗುರುಸ್ವಾಮಿಯ ಹೊಸಮನೆಯ ಒಕ್ಕಲಿನ ದಿನವೂ ಹೀಗೇ ಒಂದು ಕಮಟಿತ್ತು, ಕೊಟ್ಟಿಗೆಯ ಹಿಂದೆ, ಗೋಣಿಚೀಲದ ಮೇಲೆ ಸುತ್ತ ಕೂತವರು, ಒಲೆಯ ಮೇಲಿನ ಕರಿದ ಮಾಂಸ, ‘ಒಂದೇ ಒಂದು ಕಣ್ಲಾ, ನಿನ್ನ ಎಂಡ್ತಿ ಗಾಳಿಗೆ ಮೂಗು ಕೊಟ್ಕೊಂಡು ಕೂತವಳಾ?’ ಎಂದು ಗುರುಸ್ವಾಮಿ ಅವನ ಕೈಯಲ್ಲಿ ಲೋಟವಿಟ್ಟದ್ದು. ಲೋಟ ಕೈಯಲ್ಲಿತ್ತು, ಅದು ನಿಜ. ಆಮೇಲೆ? ಇಷ್ಟು ವರ್ಷ ಆ ಆಮೇಲೆಯ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ: ಯಾರೋ ತೂಬಿನ ಕಡೆಯಿಂದ ಕೂಗಿದರು, ಲೋಟ ಕೆಳಗಿಟ್ಟು ಎದ್ದುಹೋದ. ಹೊಟ್ಟೆ ಊದಿಕೊಂಡ ಮೇಲೆ, ಹೋದ ವಾರದವರೆಗೂ, ಆ ನೆನಪು ತಿಳಿಯಾಗಿ ಉಳಿದಿರಲಿಲ್ಲ. ತುಟಿಗೆ ತಾಗಿಸಿದೆನೇ? ಒಂದು ಗುಟುಕು? ನೀರಿಗೆ ಗೊತ್ತಿದ್ದು ನನಗೆ ಮರೆತುಹೋಗಿದೆಯೇ? ಊರೆಲ್ಲ ಒಂದೇ ಮಾತು ಹೇಳುವಾಗ ಒಬ್ಬನ ನೆನಪಿಗೆ ಎಷ್ಟು ತೂಕ? ಕೆಮ್ಮಿಗೆಂದು ಕುಡಿದ ಅರಿಷ್ಟವೂ ಲೆಕ್ಕಕ್ಕೆ ಬಂತೇ? ಒಂದೊಂದು ಸಲ ಅವನಿಗೆ, ಕುಡಿದೇಬಿಟ್ಟಿದ್ದರೆ ಚೆನ್ನಾಗಿತ್ತು, ಹೌದು ಕಣೇ ಎಂದು ಒಪ್ಪಿಕೊಂಡು ಅವಳ ಕಾಲು ಹಿಡಿಯಬಹುದಿತ್ತು, ಮಾಡದ ತಪ್ಪಿಗೆ ಹೇಗೆ ಕಾಲು ಹಿಡಿಯುವುದು ಎನ್ನಿಸುತ್ತಿತ್ತು.

ಹಾಗೆ ಎನ್ನಿಸಿದಾಗಲೆಲ್ಲ ಅದೇ ಬೀದಿಯ ನಿಂಗಯ್ಯ ನೆನಪಿಗೆ ಬರುತ್ತಿದ್ದ. ನಿಂಗಯ್ಯ ಸತ್ತು ಎಷ್ಟೋ ಕಾಲವಾಗಿತ್ತು. ಬದು ಕಡಿದ ಜಗಳದಲ್ಲಿ ಅವನ ಬೊಗಸೆಗೆ ನೀರು ಹಿಡಿಸಿ ಆಣೆಯ ಮಾತು ಹೇಳಿಕೊಟ್ಟವನು ಸೋಮಯ್ಯನೇ. ಮರುವರ್ಷದ ಬೇಸಿಗೆಯಲ್ಲಿ ನಿಂಗಯ್ಯನ ಹೊಟ್ಟೆ ಊದಿಕೊಂಡಿತು. ಊರಿಗೆ ಇನ್ನೇನು ಬೇಕಿತ್ತು? ಅವನನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ರೋಗ ಏನೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಸೋಮಯ್ಯ ಸನಿಕೆ ಹೆಗಲಿಗಿಟ್ಟು ತೂಬಿಗೆ ಹೋಗುವಾಗ ಜಗಲಿಯ ಕಂಬಕ್ಕೊರಗಿ ಕೂತಿರುತ್ತಿದ್ದ ನಿಂಗಯ್ಯ, ‘ಸೋಮಣ್ಣ, ನಾನು ಕಡೀಲಿಲ್ಲ ಕಣ’ ಎನ್ನುತ್ತಿದ್ದ. ಸೋಮಯ್ಯ ನಾಲೆಯ ಕಡೆ ನೋಡುತ್ತ ದಾಟಿಹೋಗುತ್ತಿದ್ದ. ಆ ಮಾತಿಗೆ ಒಂದು ದಿನವಾದರೂ ಹೂಂ ಎಂದಿದ್ದರೆ? ಕಿಟಕಿಯ ಸರಳಿಗೆ ಹಣೆಯೊತ್ತಿ ಕೂತವನಿಗೆ ಪಕ್ಕದಿಂದ ಮಾಯಮ್ಮ, ‘ಇಳೀರಿ, ಉಣಸೂರು ಬಂತು’ ಎಂದಳು. ಬೆಳಗ್ಗಿನಿಂದ ಅವಳಾಡಿದ ಮೊದಲ ಮಾತು ಅದು.

ಹುಣಸೂರಿನ ಡಾಕ್ಟರಮ್ಮನ ಹತ್ತಿರ ಇದು ಎರಡನೆಯ ಸಲ. ಹೋದ ವಾರ ಬಂದಾಗ ಅವರು ಏನನ್ನೂ ಕೇಳುವ ಮೊದಲು ಅವನನ್ನು ಮಲಗಿಸಿ ಹೊಟ್ಟೆಯ ಮೇಲೆ ಬೆರಳಿಟ್ಟು ಬೆರಳಿನಿಂದಲೇ ತಟ್ಟುತ್ತ ಹೋಗಿದ್ದರು, ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ. ನಡುವೆ ಟೊಳ್ಳು ಸದ್ದು, ಪಕ್ಕಕ್ಕೆ ಹೋದಂತೆ ಮೊದ್ದು ಸದ್ದು. ಮಗ್ಗುಲಾಗಿ ಎಂದರು; ಮಗ್ಗುಲಾದಾಗ ಮೊದ್ದು ಸದ್ದು ಜಾಗ ಬದಲಿಸಿತು. ತನ್ನೊಳಗೆ ಒಂದು ಕೆರೆಯಿದೆ, ತಾನು ವಾಲಿದ ಕಡೆಗೆ ಅದೂ ವಾಲುತ್ತದೆ ಎಂದು ಅವನಿಗೆ ಅಂಗಾಂಗದಲ್ಲಿ ತಿಳಿದದ್ದು ಆಗಲೇ. ಆಮೇಲೆ ಕಾಲಿನ ಮೂಳೆಯ ಮೇಲೆ ಒತ್ತಿ ಗುಳಿ ಬೀಳುತ್ತದೆಯೇ ನೋಡಿದರು, ಕತ್ತಿನ ನರ ನೋಡಿದರು, ಕಣ್ಣಿನ ಬಿಳಿ ನೋಡಿದರು, ಎದೆಗೆ ಕಿವಿ ಕೊಟ್ಟರು, ಮೂತ್ರ ಹಿಡಿದು ತರಲು ಹೇಳಿದರು. ಎಲ್ಲ ಮುಗಿದ ಮೇಲೆ ‘ಕುಡಿಯೋ ಅಭ್ಯಾಸ ಇದೆಯಾ?’ ಎಂದರು. ಕಬ್ಬು ಬೆಳೀತೀರಾ ಭತ್ತ ಬೆಳೀತೀರಾ ಎಂದು ಕೇಳುವ ದನಿಯಲ್ಲೇ ಕೇಳಿದ್ದರು. ಇಲ್ಲ ಎಂದ. ಅವರು ಇಲ್ಲ ಎಂದೇ ಬರೆದುಕೊಂಡರು. ಆ ಒಂದು ಇಲ್ಲ ಕಾಗದದ ಮೇಲೆ ಇಳಿಯುವುದನ್ನು ಅವನು ಕತ್ತೆತ್ತಿ ನೋಡಿದ್ದ. ಹೊಟ್ಟೆಯ ಎಡಪಕ್ಕಕ್ಕೆ ಸೂಜಿ ಇಳಿಸಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ನೀರು ಹೊರಗೆ ಬಂದರೆ ಅದು ಸಾರಾಯಿ ವಾಸನೆ ಹೊಡೆಯಬಹುದು, ಕೋಣೆಯೆಲ್ಲ ಹರಡಬಹುದು, ಬಾಗಿಲಲ್ಲಿ ನಿಂತ ಮಾಯಮ್ಮನ ಮೂಗಿಗೆ ಮುಟ್ಟಬಹುದು. ಕಣ್ಣು ಬಿಟ್ಟಾಗ ಬಾಟಲಿಯಲ್ಲಿ ಭತ್ತದ ಹುಲ್ಲಿನ ಬಣ್ಣದ ತಿಳಿಯಾದ ನೀರು. ವಾಸನೆ ಇರಲಿಲ್ಲ. ಆ ಕ್ಷಣದಲ್ಲೇ, ಯಾರೂ ಕೇಳದೆ, ಒಂದು ಸಂಗತಿ ಅವನಿಗೆ ಹೊಳೆದಿತ್ತು: ಗುರುಸ್ವಾಮಿಯ ಕೊಟ್ಟಿಗೆಯ ಹಿಂದಿನ ಆ ಸಂಜೆಯ ವಾಸನೆ ನೆನಪಿದೆ, ಲೋಟದ ತಣ್ಣನೆ ಅಂಚು ಬೆರಳಿಗೆ ತಾಗಿದ್ದು ನೆನಪಿದೆ, ನಾಲಿಗೆಗೆ ಮಾತ್ರ ಏನೂ ನೆನಪಿಲ್ಲ. ಹರೆಯದಲ್ಲಿ ಕುಡಿದ ಒಂದೊಂದು ಗುಟುಕಿನ ಉರಿ ನಾಲಿಗೆಯ ಬುಡದಲ್ಲಿ ಇವತ್ತಿಗೂ ಇದೆ; ಆ ಸಂಜೆಯದು ಇಲ್ಲ. ಊರು ತನ್ನ ತಲೆಯನ್ನು ಕಲಕಬಹುದು, ನಾಲಿಗೆಯನ್ನು ಕಲಕಲಾಗದು. ಅವನು ಮಂಚದ ಮೇಲೆ ಸೂಜಿ ಚುಚ್ಚಿಸಿಕೊಂಡೇ ನಗತೊಡಗಿದ್ದ. ‘ಅಲ್ಲಾಡಬೇಡಿ ಯಜಮಾನ್ರೇ’ ಎಂದು ನರ್ಸು ಗದರಿದ್ದಳು.

ಈಗ ಡಾಕ್ಟರಮ್ಮ ಮೈಸೂರಿನಿಂದ ಬಂದಿದ್ದ ಪರೀಕ್ಷೆಯ ಚೀಟಿಗಳನ್ನು ಒಂದರ ಪಕ್ಕ ಒಂದು ಹರಡಿಕೊಂಡು ಕೂತಿದ್ದರು. ಸೋಮಯ್ಯನಿಗೆ ಸಾವಿನ ಭಯವಿರಲಿಲ್ಲ. ಸತ್ತರೆ ಊರು ನಿಂಗಯ್ಯನ ಬಗ್ಗೆ ಹೇಳಿದ್ದನ್ನೇ ತನ್ನ ಬಗ್ಗೆಯೂ ಹೇಳುತ್ತದೆ, ಮಾಯಮ್ಮ ಅದನ್ನು ನಂಬಿಕೊಂಡೇ ಉಳಿದ ಆಯುಸ್ಸು ಕಳೆಯುತ್ತಾಳೆ. ಅವನ ಭಯ ಅಷ್ಟೇ ಆಗಿತ್ತು.

‘ಹೊಟ್ಟೇಲಿ ನೀರು ನಿಲ್ಲೋದು ಅನ್ನೋದೇ ಒಂದು ಕಾಯಿಲೆ ಅಲ್ಲ’ ಎಂದರು ಡಾಕ್ಟರಮ್ಮ. ‘ಬೇರೆ ಕಾಯಿಲೆಯ ಗುರುತು ಅಷ್ಟೆ. ಹೃದಯ ಸೋತರೂ ನಿಲ್ಲುತ್ತೆ. ಕಿಡ್ನಿ ಸೋರಿದರೂ ನಿಲ್ಲುತ್ತೆ. ಲಿವರ್ ಗಟ್ಟಿಯಾದರೂ ನಿಲ್ಲುತ್ತೆ. ಗಡ್ಡೆ ಇದ್ದರೂ ನಿಲ್ಲುತ್ತೆ. ಎಲ್ಲಿಂದ ಬಂತು ಅಂತ ಹುಡುಕಬೇಕು.’

ಗದ್ದೆ ಜೌಗು ಹಿಡಿದರೆ ಹಾಗೇ ಅಲ್ಲವೇ ಎಂದುಕೊಂಡ ಸೋಮಯ್ಯ. ಮೇಲಿನ ನಾಲೆ ಸೋರಿರಬಹುದು, ಕೆಳಗಿನ ಕಾಲುವೆ ಹೂತಿರಬಹುದು, ಒಳಗೇ ಒಂದು ಊಟೆ ಎದ್ದಿರಬಹುದು. ಅದನ್ನೆಲ್ಲ ನೋಡದೆ ಗದ್ದೆಯವನು ಪಾಪಿ ಎಂದು ಯಾರಾದರೂ ಹೇಳುತ್ತಾರೆಯೇ? ಆದರೆ ಬಾಯಿ ಬಿಟ್ಟವಳು ಮಾಯಮ್ಮ.

‘ಕುಡುದ್ರೆ ಬರೋದಲ್ವಾ ಅವ್ವಾ ಇದು?’

ಇಷ್ಟು ತಿಂಗಳು ಅವಳ ಗಂಟಲಲ್ಲಿ ಕೂತಿದ್ದ ಮಾತು, ಬೇರೆ ಊರಿನಲ್ಲಿ, ಬೇರೆಯವರ ಮುಂದೆ ಹೊರಬಿತ್ತು.

‘ಕುಡಿದರೂ ಬರುತ್ತೆ ಕಣಮ್ಮ. ಜಾಸ್ತಿ ಜನಕ್ಕೆ ಹಾಗೇ ಬರೋದು, ಸುಳ್ಳಲ್ಲ. ಆದರೆ ಇವರದು ಅದಲ್ಲ’ ಎಂದು ಡಾಕ್ಟರಮ್ಮ ಒಂದು ಚೀಟಿ ಎತ್ತಿದರು. ‘ಸ್ಕ್ಯಾನಿಂಗಲ್ಲಿ ಲಿವರ್ ಚೆನ್ನಾಗೇ ಇದೆ. ಕುಡಿದು ಲಿವರ್ ಕೆಟ್ಟಾಗ ನಿಲ್ಲೋ ನೀರು ತೆಳ್ಳಗಿರುತ್ತೆ. ಇವರದು ಕಣ್ಣಿಗೆ ತಿಳಿಯಾಗಿ ಕಂಡರೂ ಪ್ರೋಟೀನ್ ಜಾಸ್ತಿ ಇದೆ, ಮಂದವಾಗಿದೆ. ಅದರಲ್ಲಿ ಬಿಳಿ ಕಣಗಳು ತುಂಬಾ ಇದೆ. ಸಂಜೆ ಜ್ವರ, ತೂಕ ಇಳಿದಿರೋದು, ಎಲ್ಲ ಒಂದೇ ಕಡೆ ಬೆರಳು ಮಾಡ್ತಿದೆ. ಇದು ಕ್ಷಯ. ಟಿಬಿ.’

‘ಟಿಬಿ ಎದೆಗೆ ಬರೋದಲ್ವಾ?’ ಎಂದಳು ಮಾಯಮ್ಮ.

‘ಹೊಟ್ಟೆಯ ಪೊರೆಗೂ ಬರುತ್ತೆ. ಬಂದರೆ ನೀರು ನಿಲ್ಲುತ್ತೆ.’

‘ಅಂಗಾದ್ರೆ...’ ಮಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಕುಡುದಿದ್ದಕ್ಕಲ್ಲ.’

‘ಅಲ್ಲಮ್ಮ.’

‘ಒಸಿ ಕುಡುದಿದ್ರೂ?’

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. ‘ನಿಮ್ಮ ಯಜಮಾನರು ಯಾವತ್ತು ಏನು ಕುಡಿದರು ಅಂತ ನನ್ನ ಸೂಜಿ ಹೇಳಲ್ಲ. ಈ ನೀರು ಕುಡಿತದ್ದಲ್ಲ, ಅಷ್ಟು ಹೇಳುತ್ತೆ. ಉಳಿದಿದ್ದನ್ನ ನೀವು ಅವರನ್ನೇ ಕೇಳಬೇಕು. ಕೇಳಿದೀರಾ?’

ಮಾಯಮ್ಮ ಕೇಳಿರಲಿಲ್ಲ. ಅವಳು ತಿರುಗಿ ಗಂಡನ ಮುಖ ನೋಡಿದಳು. ಬಹಳ ದಿನದ ಮೇಲೆ ಹೊಟ್ಟೆಯನ್ನಲ್ಲ, ಮೂಗನ್ನು ಮುಂದೆ ಮಾಡಿಯೂ ಅಲ್ಲ, ಮುಖವನ್ನೇ ನೋಡಿದಳು. ‘ಕುಡುದ್ರಾ?’ ಎಂದಳು.

‘ಇಲ್ಲ ಕಣೇ.’

‘ಸರಿ ಬುಡಿ ಮತ್ತೆ’ ಎಂದಳು, ಕಡಲೆಕಾಯಿಯ ಬೆಲೆ ಒಪ್ಪಿಕೊಂಡವಳಂತೆ. ಆಮೇಲೆ ಡಾಕ್ಟರಮ್ಮನ ಮೇಜಿನ ಅಂಚು ಹಿಡಿದು ಸ್ವಲ್ಪ ಹೊತ್ತು ಅತ್ತಳು. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಹುಷಾರಾದ ಹಾಗೆ ಕಂಡಿತೆಂದು ನಡುವೆ ಬಿಡಬಾರದು, ಮೂತ್ರ ಕೆಂಪಗಾದರೆ ಹೆದರಬಾರದು, ಅದು ಮಾತ್ರೆಯ ಬಣ್ಣ, ಈ ಟಿಬಿ ಪಕ್ಕದಲ್ಲಿ ಕೂತವರಿಗೆ ಅಂಟುವುದಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಿದ್ದದ್ದಕ್ಕೆಲ್ಲ ಅವಳು ಮೂಗು ಒರೆಸಿಕೊಳ್ಳುತ್ತ ಹೂಂಗುಟ್ಟಿದಳು. ಉಪ್ಪು ತಿನ್ನಬಹುದೇ ಎಂದು ಮಾತ್ರ ಗಟ್ಟಿಯಾಗಿ ಕೇಳಿದಳು. ಇದಕ್ಕೆ ಉಪ್ಪು ಬಿಡಬೇಕಾಗಿಲ್ಲ, ಮೊಟ್ಟೆ, ಹಾಲು, ಸೊಪ್ಪು, ಏನು ಸೇರುತ್ತದೋ ತಿನ್ನಿಸಿ ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಬೇರೆ ಮಾಯಮ್ಮ. ಮುಂದಿನ ಸೀಟಿನ ಹೆಂಗಸಿಗೆ, ಮೊಟ್ಟೆ ಬುಟ್ಟಿಯ ಸಾಬಿಗೆ, ಟಿಕೆಟ್ಟು ಹರಿಯಲು ಬಂದ ಕಂಡಕ್ಟರನಿಗೂ, ‘ಇದು ಕುಡಿತದ್ದಲ್ಲ ಕಣಪ್ಪ, ಕುಡಿತದ ನೀರು ತೆಳ್ಗಿರ್ತದಂತೆ, ನಮ್ಮೋರ್ದು ಮಂದ’ ಎಂದು ಹೇಳಿದಳು, ಮನೆಯ ಎಮ್ಮೆಯ ಹಾಲಿನ ಬಗ್ಗೆ ಹೇಳುವಂತೆ. ಸೋಮಯ್ಯನಿಗೆ ನಾಚಿಕೆಯಾಯಿತು. ನಾಚಿಕೆಯ ತಳದಲ್ಲಿ ಇನ್ನೊಂದು ಏನೋ ಬೆಚ್ಚಗೆ ಏರುತ್ತಿತ್ತು, ಮೊದಲ ನೀರು ಬಿಟ್ಟ ದಿನ ಒಣ ನಾಲೆಯ ತಳದಲ್ಲಿ ಕಸಕಡ್ಡಿ ತಳ್ಳಿಕೊಂಡು ಬರುವ ನೀರಿನ ತಲೆಯ ಹಾಗೆ. ಆ ತಲೆಯ ಮುಂದೆ ಮುಂದೆ ನಡೆಯುವುದು ನೀರುಗಂಟಿಯ ಹಕ್ಕು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹಾಗೆ ನಡೆದಿದ್ದ. ಎರಡೂ ದಡದಲ್ಲಿ ಜನ ನಿಂತು ಬಂತು ಬಂತು ಎನ್ನುತ್ತಿದ್ದರು.

ಊರ ಬಾಗಿಲಲ್ಲಿ ಇಳಿದಾಗ ಹೊತ್ತು ಇನ್ನೂ ಇಳಿದಿರಲಿಲ್ಲ. ಅವನು ವಾಡಿಕೆಯಂತೆ ಕೇರಿಯ ಹಿಂದಿನ ಹಿತ್ತಲ ದಾರಿಗೆ ತಿರುಗಿದ. ಮಾಯಮ್ಮ ಟವೆಲ್ಲು ಹಿಡಿದು ಎಳೆದಳು. ಅದು ಅವಳ ಕೈಗೇ ಬಂತು. ‘ಯಾವ ಕಳ್ಳತನ ಮಾಡಿದ್ದೀರಿ ಅಂತ ಇತ್ಲ ದಾರಿ? ನಡೀರಿ ಬೀದೀಲಿ’ ಎಂದಳು. ಟವೆಲ್ಲನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಅಂಗಿಯ ಗುಂಡಿ ಹಾಕಲಾಗದ ಹೊಟ್ಟೆಯನ್ನು ಮುಂದಿಟ್ಟುಕೊಂಡು ಸೋಮಯ್ಯ ದೊಡ್ಡ ಬೀದಿಯ ನಟ್ಟನಡುವೆ ನಡೆದ. ಮೊದಲ ಹೆಜ್ಜೆಗಳಲ್ಲಿ ಅವನಿಗೆ ತಾನು ಬೆತ್ತಲೆ ಎನ್ನಿಸಿತು. ಟೀ ಅಂಗಡಿ ಬರುವ ಹೊತ್ತಿಗೆ ಬೆನ್ನು ತಾನೇ ನೆಟ್ಟಗಾಗಿತ್ತು.

‘ಏನ್ಲಾ ಸೋಮ, ಎರಿಗೆ ಆಯ್ತಾ?’ ಎಂದ ಗುರುಸ್ವಾಮಿ ಬೆಂಚಿನ ಮೇಲಿಂದ.

‘ಆಯ್ತು ಕಣ್ಲಾ’ ಎಂದ ಸೋಮಯ್ಯ. ‘ಬಾಟ್ಲಿ ತುಂಬ ನೀರು ತಗುದ್ರು. ಮೂಸಿ ನೋಡಿದ್ರು. ನಿನ್ನ ಕೊಟ್ಗೆ ಇಂದ್ಲ ವಾಸ್ನೆ ಒಂದಿಷ್ಟೂ ಇಲ್ವಂತೆ.’

ಬೆಂಚು ಗೊಳ್ಳೆಂದಿತು. ಗುರುಸ್ವಾಮಿ ನಗಲಿಲ್ಲ, ಎದ್ದು ನಿಂತ. ‘ಮತ್ತೇನಂತ್ಲಾ?’ ಎಂದ, ಹುಡುಗತನದ ಹಳೆಯ ದನಿಯಲ್ಲಿ.

‘ಟಿಬಿ ಅಂತೆ. ಔಸ್ದಿ ಅದೆ. ವಾಸಿ ಆಯ್ತದೆ.’

‘ಥೂ ನಿನ್ನ, ಮೊದ್ಲೇ ಏಳಾದಲ್ವಾ’ ಎಂದು ಗುರುಸ್ವಾಮಿ ಅವನ ಹೆಗಲಿಗೆ ಕೈ ಹಾಕಿ, ಅಂಗಡಿಯವನ ಕಡೆ ತಿರುಗಿ, ಯಾವುದಕ್ಕೋ ಸಿಟ್ಟಾದವನಂತೆ, ‘ಗಟ್ಟಿ ಆಲು ಆಕಿ ಒಂದು ಟೀ ಕೊಡಯ್ಯ ಇವನ್ಗೆ’ ಎಂದು ಕೂಗಿದ. ಸುದ್ದಿ ಅವರಿಗಿಂತ ಮುಂದೆ ಓಡಿತು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಮಾಯಮ್ಮ ಒಬ್ಬೊಬ್ಬರಿಗೂ ನೀರಿನ ಮಂದ ವಿವರಿಸುತ್ತ, ಟವೆಲ್ಲು ಬೀಸುತ್ತ, ಪಕ್ಕದಲ್ಲಿ ಬರುತ್ತಿದ್ದಳು.

ನಿಂಗಯ್ಯನ ಜಗಲಿಯಲ್ಲಿ ಅವನ ಹೆಂಡತಿ ಚಿಕ್ಕಮಾದಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮಾಯಮ್ಮ ಬೀಸುತ್ತಿದ್ದ ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡಳು. ಚಿಕ್ಕಮಾದಮ್ಮ ತಲೆಯೆತ್ತಿ, ‘ಸೋಮಣ್ಣ, ಸೂಜಿ ಆಕಿ ನೀರು ತಗುದು ನೋಡಿದ್ರೆ ಗೊತ್ತಾಯ್ತದಾ?’ ಎಂದಳು.

‘ಗೊತ್ತಾಯ್ತದೆ ಕಣವ್ವ.’

‘ನಮ್ಮೋರ್ದ ಯಾರೂ ತಗುದು ನೋಡ್ಲಿಲ್ಲ.’

ಹಿಂದೆ ಬರುತ್ತಿದ್ದ ಜನ ಅಲ್ಲಲ್ಲೇ ನಿಂತರು. ನಾಲೆಯ ಕಡೆ ನೋಡುವುದು ಸುಲಭವಿತ್ತು. ಅಲ್ಲಿಂದ ಅದು ಕಾಣುತ್ತಲೂ ಇತ್ತು. ಸೋಮಯ್ಯ ನೋಡಲಿಲ್ಲ. ‘ನೋಡ್ಲಿಲ್ಲ ಕಣವ್ವ. ನಾನೂ ನೋಡ್ಲಿಲ್ಲ’ ಎಂದ. ಆಮೇಲೆ ಸರದಿ ಕೂಗುವ ದನಿಯಲ್ಲಿ, ಬೀದಿಯ ಆ ತುದಿಗೂ ಕೇಳುವಂತೆ, ‘ನಿಂಗಣ್ಣ ಬದು ಕಡೀಲಿಲ್ಲ ಅಂದಿದ್ದ. ಅವನ ಮಾತ ನಾನು ನಂಬ್ತೀನಿ. ಇನ್ಮೇಲೆ ಈ ಊರಲ್ಲಿ ಯಾರಿಗೂ ನಾನು ನೀರಾಣೆ ಏಳ್ಕೊಡಾಕಿಲ್ಲ. ಜಗಳ ಬಂದ್ರೆ ಕಣ್ಣಿಂದ ನೋಡಿ ತೀರ್ಸಾನ’ ಎಂದ. ಚಿಕ್ಕಮಾದಮ್ಮ ಮೊರದಲ್ಲಿದ್ದ ಕಾಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಮಾಯಮ್ಮನ ಸೆರಗಿಗೆ ಹಾಕಿದಳು. ‘ಸಾರ್ಮಾಡು. ಉಪ್ಪು ಖಾರ ಮುಂದಾಕಿ ಮಾಡು’ ಎಂದಳು.

ಸಾಲಿಗ್ರಾಮದ ಕಾಲೇಜಿನಿಂದ ಆಗಷ್ಟೇ ಬಂದಿದ್ದ ರೂಪಶ್ರೀ ಬಾಗಿಲಲ್ಲಿ ನಿಂತು, ಬೀದಿಯ ಗದ್ದಲಕ್ಕೆ ಹೆದರಿ, ‘ಏನಂತವ್ವ? ಏನಂದ್ರು?’ ಎಂದಳು.

ಮಾಯಮ್ಮ ಕಾಳು ತುಂಬಿದ ಸೆರಗನ್ನು ಎದೆಗವುಚಿಕೊಂಡು, ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳೆಂದು ಕೂಗುವ ತಾಯಿಯ ಹಾಗೆ, ಕೇರಿಯೆಲ್ಲ ತಿರುಗಿ ನೋಡುವಂತೆ ಹೇಳಿದಳು: ‘ನಿಮ್ಮಪ್ಪುನ್ಗೆ ಟಿಬಿ ಕಣೇ!’

ಸೋಮಯ್ಯ ಮಾತು ಕೊಟ್ಟ ದಿನದಿಂದ ಇಂದಿನವರೆಗೆ ಕುಡಿದಿರಲಿಲ್ಲ. ಮಾತು ಉಳಿದಿತ್ತು.